ಜೇನುಹುಳುವಿನ ವಿಷ ಕ್ಯಾನ್ಸರ್‌ಗೆ ಮದ್ದೇ?

‘ಜೇನಿನ ವಿಷ ಒಂದೇ ಗಂಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ, ಕಿಮೋ ಬೇಕಿಲ್ಲ’ ಎನ್ನುವಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಅಪಾಯ ಇರುವುದು ಉಳಿದರ್ಧದಲ್ಲಿ.

ಜೇನಿನ ವಿಷದಲ್ಲಿರುವ ಮುಖ್ಯ ವಸ್ತು ಮೆಲಿಟಿನ್. ಇದು 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ನಮ್ಮ ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಎರಡು ಪದರಗಳ ತೆಳು ಪೊರೆ ಇರುತ್ತದೆ. ಮೆಲಿಟಿನ್‌ನ ಒಂದು ಮೈ ನೀರಿಗೆ ಒಗ್ಗುತ್ತದೆ, ಇನ್ನೊಂದು ಮೈ ಕೊಬ್ಬಿಗೆ. ಹಾಗಾಗಿ ಅದು ಮೊದಲು ಪೊರೆಯ ಮೇಲೆ ಮಲಗುತ್ತದೆ. ಸಾಕಷ್ಟು ಮೆಲಿಟಿನ್ ಸೇರಿದಾಗ ಒಳಗೆ ನುಗ್ಗಿ ತೂತು ಮಾಡುತ್ತದೆ. ಆಗ ಕೋಶ ಸೋರಿ ಸಾಯುತ್ತದೆ.

ಹಾಗಾದರೆ ಒಳ್ಳೆಯ ಕೋಶಗಳಿಗೆ ಏನೂ ಆಗುವುದಿಲ್ಲವೇ? ಅದು ಪೆಪ್ಟೈಡ್ ಯಾವುದು ಎಂಬುದರ ಮೇಲಿದೆ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು, ನಮ್ಮ ಕೋಶಗಳ ಪೊರೆಯ ಹೊರಪದರದಲ್ಲಿ ತೀರಾ ಕಡಿಮೆ. 1987ರಲ್ಲಿ ಮೈಕೇಲ್ ಝಾಸ್ಲಾಫ್ ಆಫ್ರಿಕಾದ ಕಪ್ಪೆಯೊಂದರ ಚರ್ಮದಲ್ಲಿ ಕಂಡುಹಿಡಿದ ಮ್ಯಾಗೈನಿನ್‌ನಲ್ಲಿ ಧನ ವಿದ್ಯುದಂಶವಿದೆ. ಅದು ಈ ವ್ಯತ್ಯಾಸ ಗುರುತಿಸಿ ಹೆಚ್ಚಾಗಿ ಬ್ಯಾಕ್ಟೀರಿಯಾಗೇ ಅಂಟಿಕೊಳ್ಳುತ್ತದೆ. ಮೆಲಿಟಿನ್‌ಗೆ ಅಷ್ಟು ವಿವೇಚನೆ ಇಲ್ಲ. ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ.

2020ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ವಿಜ್ಞಾನಿಗಳು ಮೆಲಿಟಿನ್ ಕೆಲವು ಬಗೆಯ ಸ್ತನ ಕ್ಯಾನ್ಸರ್ ಕೋಶಗಳನ್ನು ಬೇಗ ಕೊಲ್ಲುವುದನ್ನು ತೋರಿಸಿದ್ದು ನಿಜ. ಆದರೆ ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳು ಮತ್ತು ಇಲಿಗಳ ಮೇಲೆ ನಡೆದ ಪ್ರಯೋಗ, ರೋಗಿಗಳ ಮೇಲಲ್ಲ. ತಟ್ಟೆಯಲ್ಲಿ ವಿಷವನ್ನು ಅಳತೆ ಮಾಡಿ ಕೋಶಗಳ ಮೇಲೆ ನೇರವಾಗಿ ಹಾಕಬಹುದು. ಹುಳು ಕಚ್ಚಿದರೆ ಅದು ಹೋಗುವುದು ಚರ್ಮಕ್ಕೆ, ಗಡ್ಡೆಗಲ್ಲ.

ಕಚ್ಚಿಸಿಕೊಳ್ಳುವುದರಿಂದ ಜೀವವೇ ಹೋಗಬಹುದು. ಸ್ಪೇನ್‌ನಲ್ಲಿ 55 ವರ್ಷದ ಮಹಿಳೆಯೊಬ್ಬರು ಎರಡು ವರ್ಷ ಇಂಥ ಚಿಕಿತ್ಸೆಯನ್ನು ತೊಂದರೆಯಿಲ್ಲದೆ ಪಡೆದಿದ್ದರು. ಕೊನೆಗೊಂದು ದಿನ ತೀವ್ರ ಅಲರ್ಜಿಯಾಗಿ ತೀರಿಕೊಂಡರು ಎಂದು 2018ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ‘ಹೋದ ಸಲ ಏನೂ ಆಗಲಿಲ್ಲ’ ಎಂಬ ಧೈರ್ಯ ಸಾಲದು.

ಪೊರೆ ಒಡೆಯುವ ಪೆಪ್ಟೈಡ್‌ಗಳು ಔಷಧವಾಗಲಾರವು ಎಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಇದೇ ಜಾತಿಯದು. ಅದೂ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಆದ್ದರಿಂದಲೇ ವೈದ್ಯರು ಅಳೆದು ತೂಗಿ ಕೊಡುತ್ತಾರೆ.

ಈ ಸಂದೇಶ ನಂಬಿ ಯಾರಾದರೂ ಚಿಕಿತ್ಸೆಯನ್ನು ಎರಡು ತಿಂಗಳು ಮುಂದೂಡಿದರೆ, ಗಡ್ಡೆ ಅಷ್ಟು ದಿನ ಕಾಯುವುದಿಲ್ಲ. ಫಾರ್ವರ್ಡ್ ಒತ್ತುವ ಮುನ್ನ ಇದೊಂದನ್ನು ನೆನಪಿಡಿ.