ಪಾಪರ್ ಅರ್ಜಿಗೆ ಮುಂಚೆ ಸಾಲದ ಪಟ್ಟಿ ಬರೆಯಿರಿ



‘ಇನ್ನು ನನ್ನ ಕೈಲಾಗಲ್ಲ, ಪಾಪರ್ ಚೀಟಿ ತಗೊಂಡುಬಿಡ್ತೀನಿ’ ಅನ್ನುವ ಮಾತು ಸಂತೆಯಲ್ಲಿ, ಸೊಸೈಟಿ ಜಗುಲಿಯಲ್ಲಿ, ಮದುವೆ ಚಪ್ಪರದಲ್ಲಿ ಕೇಳಿಬರುತ್ತಲೇ ಇರುತ್ತದೆ. ಹೇಳುವವನು ಸಿಟ್ಟಿನಿಂದ ಹೇಳುತ್ತಾನೆ, ಕೇಳುವವನು ನಕ್ಕು ಸುಮ್ಮನಾಗುತ್ತಾನೆ. ಪಾಪರ್ ಅರ್ಜಿ ಅಂದ್ರೆ ಏನು, ಎಲ್ಲಿ ಹಾಕಬೇಕು, ಹಾಕಿದರೆ ಜಮೀನು ಉಳಿಯುತ್ತದೋ ಹೋಗುತ್ತದೋ ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ಬ್ಯಾಂಕಿನವರು ಹೇಳಿಕೊಡುವುದಿಲ್ಲ, ಸಾಹುಕಾರನಂತೂ ಹೇಳುವ ಮಾತೇ ಇಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಮಾನದ ಮಾತು. ಸಾಲ ತೀರಿಸಲಾಗದ ರೈತ ತಲೆ ತಗ್ಗಿಸಿ ಓಡಾಡುತ್ತಾನೆ. ಆದರೆ ದೊಡ್ಡ ಕಂಪನಿ ಕೈ ಎತ್ತಿದರೆ ಅದಕ್ಕೆ ಬೇರೆ ಹೆಸರು, ಬೇರೆ ಮರ್ಯಾದೆ. ಅಲೋಕ್ ಇಂಡಸ್ಟ್ರೀಸ್ ಎಂಬ ಬಟ್ಟೆ ಕಂಪನಿಯ ಮೇಲೆ ಸುಮಾರು 29,500 ಕೋಟಿ ರೂಪಾಯಿ ಬಾಕಿ ಇತ್ತು. 2019ರಲ್ಲಿ ಸುಮಾರು 5,000 ಕೋಟಿಗೆ ಅದು ಇತ್ಯರ್ಥವಾಯಿತು. ಮಿಕ್ಕದ್ದನ್ನು ಬ್ಯಾಂಕುಗಳು ಬಿಟ್ಟುಕೊಟ್ಟವು. ಕಾನೂನಿನ ಪ್ರಕಾರವೇ ನಡೆದ ವ್ಯವಹಾರ ಅದು, ಯಾರ ಮಾನವೂ ಹೋಗಲಿಲ್ಲ. ಹಾಗಾದರೆ ಮಳೆ ಕೈಕೊಟ್ಟು, ರೇಟು ಬಿದ್ದು ಸಾಲ ನಿಂತ ರೈತನೊಬ್ಬನದು ಮಾತ್ರ ಹೇಗೆ ಮಾನಗೇಡಾದೀತು? ಸಾಲ ಅನ್ನುವುದು ಲೆಕ್ಕದ ವಿಷಯ. ಅದನ್ನು ಲೆಕ್ಕವಾಗಿಯೇ ನೋಡಬೇಕು.

ಇನ್ನು ಕಾನೂನಿಗೆ ಬರೋಣ. 2016ರಲ್ಲಿ ಕೇಂದ್ರ ಸರ್ಕಾರ ದಿವಾಳಿ ಸಂಹಿತೆ ತಂದಿತು. ಅದರಲ್ಲಿ ಬಡ ಸಾಲಗಾರನಿಗೆ ‘ಹೊಸ ಆರಂಭ’ ಎಂಬ ಒಂದು ಅಧ್ಯಾಯವೇ ಇದೆ. ಅದರ ಷರತ್ತು ಕೇಳಿ. ವರ್ಷದ ವರಮಾನ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅರ್ಧ ಎಕರೆ ಖುಷ್ಕಿ ಮತ್ತು ಒಂದು ಹೆಂಚಿನ ಮನೆ ಇದ್ದವನೂ ಈ ಬಾಗಿಲಲ್ಲಿ ತೂರಲಾರ. ಹೋಗಲಿ ಅಂದರೆ ಈ ಅಧ್ಯಾಯವನ್ನು ಜಾರಿಗೇ ತಂದಿಲ್ಲ. ಆ ಸಂಹಿತೆಯಲ್ಲಿ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರಿನಿಂದ ಜಾರಿಗೊಳಿಸಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ.

ಹಾಗಾಗಿ ನಮಗೆ ಉಳಿದಿರುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯಿದೆ. ನಮ್ಮ ಕಡೆ ‘ಪಾಪರ್ ಹಾಕೋದು’ ಅನ್ನುವುದು ಇದರ ಅಡಿಯಲ್ಲಿ ಹಾಕುವ ದಿವಾಳಿ ಅರ್ಜಿಯನ್ನೇ. 500 ರೂಪಾಯಿಗೆ ಕಡಿಮೆಯಿಲ್ಲದ ಸಾಲ ಇದ್ದು ತೀರಿಸಲಾಗದವನು ಜಿಲ್ಲೆಯ ಸಿವಿಲ್ ಕೋರ್ಟಿನಲ್ಲಿ ಅರ್ಜಿ ಕೊಡಬಹುದು. ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ತನಗೆ ಏನೇನು ಆಸ್ತಿ ಇದೆ ಎಂಬ ಪೂರ್ತಿ ಪಟ್ಟಿ ಸಲ್ಲಿಸಬೇಕು. ಕೋರ್ಟು ದಿವಾಳಿ ಎಂದು ಘೋಷಿಸಿದ ಮೇಲೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗುತ್ತದೆ. ಅದನ್ನು ಮಾರಿ ಸಾಲಗಾರರಿಗೆ ಹಂಚುತ್ತಾರೆ. ಕೊನೆಗೆ ವಿಮೋಚನೆಯ ಆದೇಶ ಸಿಕ್ಕರೆ ಮಿಕ್ಕ ಸಾಲದಿಂದ ಬಿಡುಗಡೆ.

ಕೇಳಲು ಚೆನ್ನಾಗಿದೆ. ಆದರೆ ನಾಲ್ಕು ಮಾತು ತಿಳಿದಿರಬೇಕು.

ಒಂದು, ಅಡಮಾನದ ಜಮೀನನ್ನು ಈ ಅರ್ಜಿ ಉಳಿಸುವುದಿಲ್ಲ. ಪಹಣಿಯ 11ನೇ ಕಲಮಿನಲ್ಲಿ ಬ್ಯಾಂಕಿನ ಹೆಸರು ಕೂತಿದ್ದರೆ ಆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಅಡಮಾನ ಇಲ್ಲದ ಜಮೀನೂ ರಿಸೀವರನ ಕೈಗೆ ಹೋಗುತ್ತದೆ. ಉಳಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಕಾಪಾಡುವ ವಸ್ತುಗಳು: ರೈತ ವಾಸವಿರುವ ಮನೆ, ಬೇಸಾಯದ ಉಪಕರಣ, ಬದುಕಿಗೆ ಬೇಕೆಂದು ಕೋರ್ಟು ಒಪ್ಪುವಷ್ಟು ದನ ಮತ್ತು ಬಿತ್ತನೆ ಬೀಜ. ಅವೂ ಅಡವಿಟ್ಟಿರದಿದ್ದರೆ.

ಎರಡು, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಮನ್ನಾ ಆಗುವುದಿಲ್ಲ. ಜಾಮೀನು ಹಾಕಿದವನಿಗೂ ಬಿಡುಗಡೆ ಇಲ್ಲ. ನಿಮ್ಮ ಸಾಲಕ್ಕೆ ಸಹಿ ಹಾಕಿದ ಪಕ್ಕದ ಹೊಲದವನ ಮನೆಗೆ ನೋಟೀಸು ಹೋಗುತ್ತದೆ.

ಮೂರು, ಅರ್ಜಿಗೆ ಮುಂಚೆ ಜಮೀನನ್ನು ಹೆಂಡತಿ ಹೆಸರಿಗೋ ಭಾವಮೈದನ ಹೆಸರಿಗೋ ಬರೆದಿಟ್ಟರೆ ಉಳಿಯುತ್ತದೆ ಅಂತ ಬುದ್ಧಿ ಹೇಳುವವರು ಇರುತ್ತಾರೆ. ಹಿಂದಿನ ಎರಡು ವರ್ಷದೊಳಗೆ ಹಾಗೆ ಸುಮ್ಮನೆ ಬರೆದುಕೊಟ್ಟ ಪತ್ರವನ್ನು ಕೋರ್ಟು ರದ್ದುಮಾಡಬಹುದು. ಆಸ್ತಿ ಮುಚ್ಚಿಟ್ಟರೆ ಜೈಲೂ ಉಂಟು.

ನಾಲ್ಕು, ದಿವಾಳಿ ಎಂದು ಘೋಷಿತನಾದವನು ಬಿಡುಗಡೆ ಸಿಗುವ ತನಕ ಆ ಸಂಗತಿ ಹೇಳದೆ 50 ರೂಪಾಯಿ ಸಾಲ ಎತ್ತಿದರೂ ಅಪರಾಧ. ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗೆ ಆರಿಸಿಬರಲೂ ಅಡ್ಡಿ.

ಇಷ್ಟರಿಂದ ತಿಳಿಯುವುದೇನು? ಜಮೀನೆಲ್ಲ ಆಗಲೇ ಹೋಗಿ, ಕೈಸಾಲ ಮಾತ್ರ ಬೆನ್ನ ಮೇಲಿರುವವನಿಗೆ ದಿವಾಳಿ ಅರ್ಜಿ ಉಪಯೋಗಕ್ಕೆ ಬಂದೀತು. ಇನ್ನೂ ನಾಲ್ಕು ಎಕರೆ ಉಳಿಸಿಕೊಂಡಿರುವ ನಿಮಗೆ ಅದು ಕೊನೆಯ ಬಾಗಿಲು, ಮೊದಲನೆಯದಲ್ಲ. ಅದಕ್ಕೆ ಮುಂಚೆ ಒಂದು ಹಾಳೆ ತಗೊಂಡು ಸಾಲದ ಪಟ್ಟಿ ಬರೆಯಿರಿ. ಯಾರಿಗೆ, ಎಷ್ಟು ಅಸಲು, ಏನು ಬಡ್ಡಿ, ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ, ಏನು ಅಡವಿಟ್ಟಿದ್ದೀರಿ. ಮನೆಯ ಹೆಂಗಸರನ್ನೂ ಕೂರಿಸಿಕೊಂಡು ಬರೆಯಿರಿ. ಸಂಘದ ಸಾಲ, ಒಡವೆ ಸಾಲ ಅವರಿಗೇ ಗೊತ್ತು.

ಪಟ್ಟಿಯಲ್ಲಿ ಬಡ್ಡಿ ಹೆಚ್ಚಿರುವ ಸಾಲದ ಕಡೆ ಮೊದಲು ನೋಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಅಂದರೆ ಹಗುರ ಅನ್ನಿಸುತ್ತದೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000, ಮೂರು ವರ್ಷಕ್ಕೆ 1,08,000. ಬಡ್ಡಿಯೇ ಅಸಲನ್ನು ದಾಟಿತು, ಅಸಲು ಅಲ್ಲೇ ಇದೆ. ನಮ್ಮಲ್ಲಿ ಎಷ್ಟೋ ಜನ ಸಾಹುಕಾರನ ಮುಖ ನೋಡಲಾರದೆ ಅವನಿಗೆ ಬಡ್ಡಿ ಕಟ್ಟಿ, ಸೊಸೈಟಿಯ ಬೆಳೆಸಾಲವನ್ನು ಸುಸ್ತಿ ಮಾಡಿಕೊಳ್ಳುತ್ತಾರೆ. ಬಡ್ಡಿಯಿಲ್ಲದ ಸಾಲ ಹಾಳಾಯಿತು, ನೂರಕ್ಕೆ 36ರ ಸಾಲ ಬದುಕಿತು. ಈ ಲೆಕ್ಕ ತಲೆಕೆಳಗು.

ಲೇವಾದೇವಿ ನಡೆಸಲು 1961ರ ಕರ್ನಾಟಕ ಲೇವಾದೇವಿದಾರರ ಕಾಯಿದೆಯಂತೆ ಲೈಸೆನ್ಸ್ ಬೇಕು. ಗೊತ್ತುಪಡಿಸಿದ ದರ ಮೀರಿ ಬಡ್ಡಿ ಎಳೆಯುವುದನ್ನು 2004ರ ವಿಪರೀತ ಬಡ್ಡಿ ನಿಷೇಧ ಕಾಯಿದೆ ತಡೆಯುತ್ತದೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಮನೆ ಮುಂದೆ ಬಂದು ಪೀಡಿಸುವವರ ಮೇಲೆ 2025ರಲ್ಲಿ ನಮ್ಮ ರಾಜ್ಯ ತಂದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪ್ರಾಮಿಸರಿ ನೋಟಿನ ಸಾಲಕ್ಕೆ ದಾವೆ ಹಾಕಲು ಮೂರು ವರ್ಷದ ಅವಧಿ. ಹಳೇ ನೋಟನ್ನು ‘ಸುಮ್ಮನೆ ಹೊಸದು ಮಾಡಿಕೊಡು’ ಅಂತ ಕೇಳಿಕೊಂಡು ಬರುವುದು ಇದಕ್ಕೇ.

ಇವೆಲ್ಲಕ್ಕಿಂತ ಅಪಾಯದ ಕಾಗದ ಎರಡು. ಒಂದು ಖಾಲಿ ಚೆಕ್ಕು. ಅದು ಬೌನ್ಸಾದರೆ ಕ್ರಿಮಿನಲ್ ಕೇಸು. ನೋಟೀಸು ಕೈಗೆ ಬಂದ ಮೇಲೆ ಹದಿನೈದು ದಿನ ಮಾತ್ರ ಇರುತ್ತದೆ, ಮಡಿಚಿ ಸೂರಿಗೆ ಸಿಕ್ಕಿಸಬೇಡಿ, ವಕೀಲರ ಹತ್ತಿರ ಹೋಗಿ. ಇನ್ನೊಂದು, ಸಾಲಕ್ಕೆ ಭದ್ರತೆ ಅಂತ ಬರೆಸಿಕೊಳ್ಳುವ ಶುದ್ಧ ಕ್ರಯಪತ್ರ. ‘ದುಡ್ಡು ಕೊಟ್ಟ ದಿನ ವಾಪಸ್ ಬರೆದುಕೊಡ್ತೀನಿ’ ಅನ್ನುವ ಬಾಯಿಮಾತು ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೇ ಉಳಿಯುತ್ತದೆ. ಮರುಕ್ರಯದ ಷರತ್ತು ಅದೇ ಪತ್ರದಲ್ಲಿ ಬರೆದಿರದಿದ್ದರೆ ಆಸ್ತಿ ವರ್ಗಾವಣೆ ಕಾಯಿದೆ ಅದನ್ನು ಅಡಮಾನ ಎಂದು ಒಪ್ಪುವುದಿಲ್ಲ. ಎರಡು ಲಕ್ಷದ ಸಾಲಕ್ಕೆ ಇಪ್ಪತ್ತು ಲಕ್ಷದ ಜಮೀನು ಹೋಗುವುದು ಹೀಗೆ. 2020ರ ಭೂಸುಧಾರಣೆ ತಿದ್ದುಪಡಿ ಬೇಸಾಯಗಾರರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆದ ಮೇಲೆ ಇಂಥ ಪತ್ರಕ್ಕೆ ಕಾದು ಕೂತವರು ಹೆಚ್ಚಾಗಿದ್ದಾರೆ.

ಬ್ಯಾಂಕಿನ ಸಾಲದ ದಾರಿ ಬೇರೆ. 2002ರ ಸರ್ಫೇಸಿ ಕಾನೂನಿನಡಿ ಬ್ಯಾಂಕು ಕೋರ್ಟಿಗೆ ಹೋಗದೆ ಸಾಗುವಳಿ ಜಮೀನನ್ನು ಹರಾಜು ಹಾಕುವಂತಿಲ್ಲ. ಭೂಪರಿವರ್ತನೆ ಆದ ಜಮೀನಿಗೆ ಈ ರಕ್ಷಣೆ ಇಲ್ಲ. ಪಿ.ಎಲ್.ಡಿ. ಬ್ಯಾಂಕಿಗೆ ಸಹಕಾರ ಕಾಯಿದೆಯಲ್ಲೇ ಹರಾಜಿನ ಅಧಿಕಾರ ಇರುವುದನ್ನೂ ಮರೆಯಬೇಡಿ. ಸಾಲಕ್ಕೆ ಜೈಲು ಅಂತ ಹೆದರಿಸಿದರೆ, ಕೊಡಲು ನಿಜವಾಗಿ ಇಲ್ಲದವನನ್ನು ಸಿವಿಲ್ ಸಾಲಕ್ಕೆ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟು 1980ರಲ್ಲೇ ತೀರ್ಪು ಕೊಟ್ಟಿದೆ ಎಂದು ಹೇಳಿ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ಬರ ಬಂದು ಬೆಳೆ ನಷ್ಟ ಘೋಷಣೆಯಾದಾಗ ಬೆಳೆಸಾಲವನ್ನು ಅವಧಿಸಾಲವಾಗಿ ಮಾಡಿಕೊಡಿ ಅಂತ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಒಂದೇ ಸಲದ ತೀರುವಳಿಗೆ ಕರೆದರೆ ಹೋಗಿ, ಆದರೆ ಮಂಜೂರಾತಿ ಪತ್ರ ಕೈಗೆ ಬರುವ ತನಕ ದುಡ್ಡು ಕಟ್ಟಬೇಡಿ. ಕಟ್ಟಿದ ಮೇಲೆ ಬೇಬಾಕಿ ಪತ್ರ ತಗೊಂಡು ಪಹಣಿಯ ಋಣ ತೆಗೆಸುವವರೆಗೆ ಬಿಡಬೇಡಿ. ಹೊಸ ಸಾಲ ಕೊಡ್ತೀರೋ ಇಲ್ಲವೋ ಅಂತಲೂ ಮೊದಲೇ ಕೇಳಿ. ಅರೆ ತೀರಿಸಿದವನು ಅಂತ ಬರೆದುಕೊಂಡು ಮುಂದೆ ಸಾಲವನ್ನೇ ಕೊಡದಿರುವುದುಂಟು. ಲೋಕ ಅದಾಲತ್ತಿನಲ್ಲಿ ಖರ್ಚಿಲ್ಲ, ನಿಜ. ಅಲ್ಲಿ ಒಪ್ಪಿ ಸಹಿ ಹಾಕಿದ್ದು ಕೋರ್ಟಿನ ಡಿಕ್ರಿಗೆ ಸಮ, ಮೇಲೆ ಅಪೀಲಿಲ್ಲ. ಅಡಿಕೆಯೋ ಈರುಳ್ಳಿಯೋ ಮಾರಿ ಎಷ್ಟು ಕಟ್ಟಬಲ್ಲಿರೋ ಅಷ್ಟೇ ಕಂತಿಗೆ ಒಪ್ಪಿ.

ಸರ್ಕಾರ ಮನ್ನಾ ಮಾಡಲಿ ಅಂತ ಕಾದು ಕೂತವರಿಗೆ ಒಂದು ಮಾತು. 1990ರಲ್ಲಿ ಕೇಂದ್ರದ ಮನ್ನಾ, 2008ರಲ್ಲಿ ಮತ್ತೊಂದು, ನಮ್ಮ ರಾಜ್ಯದಲ್ಲಿ 2017ರಲ್ಲಿ ಮತ್ತು 2018ರಲ್ಲಿ. ಅವೆಲ್ಲ ಬ್ಯಾಂಕು, ಸೊಸೈಟಿ ಸಾಲಕ್ಕೆ ಬಂದವು, ಸಾಹುಕಾರನ ಸಾಲವನ್ನು ಮುಟ್ಟಲಿಲ್ಲ. ಖಾಸಗಿ ಸಾಲಕ್ಕೆ 1976ರಲ್ಲಿ ಒಂದು ಋಣ ಪರಿಹಾರ ಕಾಯಿದೆ ಬಂತು, 2019ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಇನ್ನೊಂದು. ಅವು ಸಣ್ಣ ರೈತರಿಗೆ, ಕೂಲಿಗಾರರಿಗೆ, ದುರ್ಬಲರಿಗೆ. ಪ್ರತಿ ಮನ್ನಾದ ಮೇಲೂ ಸಾಲ ಮತ್ತೆ ಬೆಳೆಯಿತು ಯಾಕೆ? ಖರ್ಚು ನಾವು ಕೇಳಿದಂತಿಲ್ಲ, ರೇಟು ನಾವು ಹೇಳಿದಂತಿಲ್ಲ. ಉತ್ಪಾದನಾ ವೆಚ್ಚದ ಮೇಲೆ ಶೇಕಡ 50 ಸೇರಿಸಿ ಬೆಲೆ ಕೊಡಿ ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. 2018ರಲ್ಲಿ ಸರ್ಕಾರ ಕೊಟ್ಟೆವು ಅಂದಿತು, ಆದರೆ ಲೆಕ್ಕದಲ್ಲಿ ಜಮೀನಿನ ಗುತ್ತಿಗೆ ಬೆಲೆ, ಬಂಡವಾಳದ ಬಡ್ಡಿ ಬಿಟ್ಟುಬಿಟ್ಟಿತು. ಅದೇ ಬಡ್ಡಿಯನ್ನು ನಾವು ಮನೆಯಲ್ಲಿ ಕಟ್ಟುತ್ತಿದ್ದೇವೆ. ನಿಮ್ಮ ಸಾಲದ ಪಟ್ಟಿಯ ಕೆಳಗೆ ಮೂರು ವರ್ಷದ ಬೆಳೆಯ ಖರ್ಚು ಮತ್ತು ಮಾರಿದ ಬೆಲೆ ಬರೆದು ನೋಡಿ, ಸಾಲ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ, ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿರುವವರಿಗೆ. ಸಾವಿನಿಂದ ಸಾಲ ತೀರುವುದಿಲ್ಲ. ಅಡಮಾನ ಜಮೀನಿನ ಮೇಲೆ ಹಾಗೇ ಇರುತ್ತದೆ, ನೋಟೀಸು ಹೆಂಡತಿಯ ಹೆಸರಿಗೆ ಬರುತ್ತದೆ. ಬದುಕಿರುವವನು ಬ್ಯಾಂಕಿನಲ್ಲಿ ಕೂತು ವಾದ ಮಾಡಬಲ್ಲ, ಕಂತು ಕೇಳಬಲ್ಲ, ಬೇಕಾದರೆ ಎರಡು ಎಕರೆ ಮಾರಿ ಎರಡು ಉಳಿಸಿಕೊಳ್ಳಬಲ್ಲ. ಒಬ್ಬನೇ ಹೋಗಲು ಅಂಜಿಕೆಯಾದರೆ ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಅಲ್ಲಿ ಸಲಹೆಗೆ ದುಡ್ಡಿಲ್ಲ.

ಬರುವ ಅಮಾವಾಸ್ಯೆ ದಿನ ಹೇಗೂ ಆರು ಕಟ್ಟುವುದಿಲ್ಲ. ಅವತ್ತು ಊರ ಚಾವಡಿಯಲ್ಲಿ ಸೇರಿ, ಒಬ್ಬೊಬ್ಬರೂ ಪಟ್ಟಿ ತಗೊಂಡು ಬನ್ನಿ. ಓದು ಬರಹ ಬಲ್ಲ ಹುಡುಗರು ಬರೆದುಕೊಡಲಿ. ಯಾರ ಕ್ರಯಪತ್ರ ಸಾಹುಕಾರನ ಪೆಟ್ಟಿಗೆಯಲ್ಲಿದೆಯೋ ಅವರ ವಿಷಯ ಮೊದಲು ಎತ್ತಿಕೊಳ್ಳಿ. ಆ ಕೆಲಸಕ್ಕೆ ದಿನ ತಡವಾದಷ್ಟೂ ಜಮೀನು ದೂರ ಹೋಗುತ್ತದೆ.