ಹೊಳಪು ಮಾಲೀಕನಿಗೆ, ಹುಣ್ಣು ಕೂಲಿಯವನಿಗೆ

ಬರಗೂರು, ಶಿರಾ, ಮಧುಗಿರಿ, ಪಾವಗಡದ ಕಡೆ ಮಳೆ ಕೈಕೊಟ್ಟ ವರ್ಷ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತಿ ಪೀಣ್ಯದಲ್ಲಿ ಇಳಿಯುತ್ತಾರೆ. ಅಲ್ಲಿ ಕ್ರೋಮ್ ಪ್ಲೇಟಿಂಗ್ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳಿವೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಫಳಫಳಿಸುವ ನಲ್ಲಿ, ಸೈಕಲ್ಲಿನ ಹ್ಯಾಂಡಲುಗಳ ಹೊಳಪು ಇಂಥ ತೊಟ್ಟಿಗಳಿಂದಲೇ ಬರತಕ್ಕದ್ದು. ತೊಟ್ಟಿಯ ಕ್ರೋಮಿಕ್ ಆಮ್ಲ ಬೆರಳಿಗೆ ಹುಣ್ಣು ತರುತ್ತದೆ; ಅದರ ಹಬೆ ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ. ಇದು ಕಣ್ಣಿಗೆ ಕಾಣುವ ಗಾಯ. ಕಾಣದ ಗಾಯದ ಸಂಗತಿಯನ್ನು ಮಾಲೀಕರು ಹೇಳುವುದಿಲ್ಲವಾದ್ದರಿಂದ ನಾವೇ ಹೇಳಬೇಕಾಗಿದೆ.

ದೇಹದ ಜೀವಕೋಶಕ್ಕೆ ಸಲ್ಫೇಟ್ ಎಂಬ ಲವಣ ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಬಾಗಿಲೊಂದಿದೆ. ತೊಟ್ಟಿಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಸಲ್ಫೇಟಿನ ವೇಷದಲ್ಲಿ ಅದೇ ಬಾಗಿಲಿನಿಂದ ನುಸುಳುತ್ತದೆ. ಒಳಗೆ 'ಸಿ' ಜೀವಸತ್ವ ಮೊದಲಾದವು ಅದನ್ನು ಮೂರು ವೇಲೆನ್ಸಿಗೆ ಇಳಿಸುತ್ತವೆ. ಈ ಮೂರರದು ಹೊರಗಿದ್ದರೆ ಕೋಶದೊಳಕ್ಕೆ ಅಷ್ಟಾಗಿ ಬಾರದು. ಒಳಗೇ ಹುಟ್ಟಿದಾಗ ಮಾತ್ರ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಎಳೆಗಳು ಕಡಿಯುತ್ತವೆ. ಡಿ.ಎನ್.ಎ. ಎಂದರೆ ಕೋಶದ ಪಹಣಿ ಇದ್ದಂತೆ; ಪಹಣಿಯಲ್ಲಿ ಒಂದು ಅಕ್ಷರ ಕೆಟ್ಟರೆ ಏನಾಗುವುದೆಂದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಗೊತ್ತು. ಕೋಶ ಎಷ್ಟೋ ತಪ್ಪುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಉಳಿದ ತಪ್ಪು ಮುಂದಿನ ಕೋಶಗಳಿಗೂ ನಕಲಾಗಿ, ಹಲವು ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಆಗಬಹುದು.

ಆ ಹೊತ್ತಿಗೆ ಕೂಲಿಯವನು ಊರಿಗೆ ಮರಳಿರುತ್ತಾನೆ. ಗುತ್ತಿಗೆಯವನಾದರೆ ಕಾರ್ಖಾನೆಯ ಪುಸ್ತಕದಲ್ಲಿ ಹೆಸರೂ ಸಿಕ್ಕದು. "ಬೀಡಿ ಸೇದುತ್ತಿದ್ದ" ಎಂದು ಮಾಲೀಕ ಕೈ ತೊಳೆದುಕೊಳ್ಳುತ್ತಾನೆ. ಬೀಡಿ ಕೆಟ್ಟದ್ದೇ, ನಾವು ಅಲ್ಲಗಳೆಯುವುದಿಲ್ಲ. ಮೂಗಿನ ಗೋಡೆಗೆ ತೂತು ಕೊರೆದದ್ದೂ ಬೀಡಿಯೇ?

ಇದು ಹೊಸ ಸುದ್ದಿಯೇನಲ್ಲ. ಸ್ಕಾಟ್ಲೆಂಡಿನ ವೈದ್ಯರೊಬ್ಬರು ಕ್ರೋಮ್ ಬಣ್ಣದ ಕಾರ್ಮಿಕನ ಮೂಗಿನಲ್ಲಿ ಕ್ಯಾನ್ಸರ್ ಕಂಡು ಬರೆದದ್ದು 1890ರಲ್ಲಿ. ನಮ್ಮ 1948ರ ಕಾರ್ಖಾನೆ ಕಾಯಿದೆಯೂ ಕ್ರೋಮ್ ಹುಣ್ಣನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕ್ರೋಮಿಯಂ ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ಖಚಿತವಾಗಿ ಸಾರಿತು. 2025ರ ನವೆಂಬರಿನಲ್ಲಿ ಹಳೆಯ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಕಾನೂನಿನ ಹೆಸರು ಬದಲಾಯಿತು; ತೊಟ್ಟಿಯ ಬಳಿ ನಿಂತವನ ಹೆಸರು ದಾಖಲೆಗೆ ಬಂತೇ?

ವರ್ತಕ ಬಂಧುಗಳು ಇದು ತಮ್ಮ ಗೊಡವೆಯಲ್ಲವೆಂದು ಭಾವಿಸಬಾರದು. ಪೀಣ್ಯದ ಅಂತರ್ಜಲದಲ್ಲಿಯೂ ಕ್ರೋಮಿಯಂ ಸಿಕ್ಕಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಮೀರಕೂಡದೆಂಬುದು ಸರ್ಕಾರದ್ದೇ ಮಾನಕ. ಕೊಳವೆಬಾವಿಯ ನೀರಿಗೆ ಹೋಟೆಲಿನವನು, ಕೂಲಿಯವನು ಎಂಬ ಭೇದವಿಲ್ಲ.

ನಾವು ಕೇಳುವುದು ಇಷ್ಟು. ತೊಟ್ಟಿ ತೊಟ್ಟಿಗೂ ಹಬೆ ಹೀರುವ ಯಂತ್ರವಿರಲಿ. ಯಾವ ತೊಟ್ಟಿಯಲ್ಲಿ ಎಷ್ಟು ದಿನ ದುಡಿದನೆಂಬ ಬರಹ, ಗುತ್ತಿಗೆಯವನೂ ಸೇರಿ, ಕೆಲಸ ಬಿಡುವ ದಿನ ಪ್ರತಿಯೊಬ್ಬನ ಕೈಗೆ ಬರಲಿ. ಅದು ಬರುವವರೆಗೆ ನಮ್ಮ ಹುಡುಗರು ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು ಇದ್ದರೆ ಅದನ್ನೂ, ಬಿಸಾಡದೆ ಊರಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಳ್ಳಲಿ.