ನೆನಪು ನೆಲೆಗೊಳ್ಳಲು ಬಿಡುವು ಬೇಕು

ವಾರ್ಷಿಕ ಪರೀಕ್ಷೆಗಳು ಸಮೀಪಿಸಿದಂತೆ ಅನೇಕ ಮನೆಗಳಲ್ಲಿ ಮಕ್ಕಳ ನಿದ್ರೆ ಕಡಿಮೆಯಾಗುತ್ತದೆ. ಶಾಲೆ ಮುಗಿದೊಡನೆ ಟ್ಯೂಷನ್, ಅಲ್ಲಿಂದ ಬಂದೊಡನೆ ಮನೆಪಾಠ, ಬಳಿಕ ನಡುರಾತ್ರಿಯವರೆಗೆ ಓದು. ಇಷ್ಟು ಶ್ರಮಿಸಿದರೂ ಓದಿದ್ದು ಉಳಿಯದಿದ್ದಾಗ ‘ಇವನಿಗೆ ಗಮನವೇ ಇಲ್ಲ’ ಎಂದು ಮಗುವನ್ನು ಗದರಿಸುವುದುಂಟು. ಬಹುಮಟ್ಟಿಗೆ ದೋಷವಿರುವುದು ಮಗುವಿನಲ್ಲಲ್ಲ, ಬಿಡುವಿಲ್ಲದ ದಿನಚರಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಕೇಳಿದ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವವರೆಗೆ ಹಿಡಿದಿಡುವುದು ಅಲ್ಪಾವಧಿಯ ನೆನಪು. ಬಾಲ್ಯದಲ್ಲಿ ಕಲಿತ ಮಗ್ಗಿಯನ್ನು ಮುಪ್ಪಿನಲ್ಲೂ ಒಪ್ಪಿಸುವುದು ದೀರ್ಘಾವಧಿಯ ನೆನಪು. ಮೊದಲನೆಯದರ ಬೊಗಸೆ ಬಲು ಚಿಕ್ಕದು. ಅದು ಒಮ್ಮೆಗೆ ಹಿಡಿಯಬಲ್ಲದ್ದು ಸುಮಾರು ನಾಲ್ಕು ಸಂಗತಿಗಳನ್ನು ಮಾತ್ರ ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಲೆಕ್ಕ ಬಿಡಿಸುತ್ತಿರುವ ಮಗುವಿನ ಪಕ್ಕದಲ್ಲಿ ಮೊಬೈಲ್ ಸದ್ದು ಮಾಡಿದರೆ, ಆ ಪುಟ್ಟ ಬೊಗಸೆಯಿಂದ ಏನಾದರೊಂದು ಜಾರಿಹೋಗುತ್ತದೆ.

ಹಿಡಿದದ್ದು ಬಾಳಿಕೆಯ ನೆನಪಾಗಲು ಕಾಲ ಬೇಕು. ಹೆಪ್ಪು ಹಾಕಿದ ಹಾಲನ್ನು ಮೇಲಿಂದ ಮೇಲೆ ಕದಡುತ್ತಿದ್ದರೆ ಗಟ್ಟಿ ಮೊಸರು ದೊರೆಯದು, ಕಲಿಕೆಯೂ ಹಾಗೆಯೇ. ಜರ್ಮನಿಯ ಮ್ಯೂಲರ್ ಮತ್ತು ಪಿಲ್ಜೆಕರ್ ಎಂಬ ವಿದ್ವಾಂಸರು 1900ರಲ್ಲಿಯೇ ಇದನ್ನು ತೋರಿಸಿಕೊಟ್ಟರು. ಒಂದು ಪಟ್ಟಿಯನ್ನು ಕಲಿತ ಕೂಡಲೇ ಇನ್ನೊಂದನ್ನು ಕಲಿತವರಿಗೆ ಮೊದಲನೆಯದು ಕಡಿಮೆ ನೆನಪಿತ್ತು; ನಡುವೆ ಕೆಲವು ನಿಮಿಷ ಬಿಡುವಿದ್ದಾಗ ಹೆಚ್ಚು ಉಳಿಯಿತು. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್, ಕಲಿತ ಬಳಿಕ ಎಚ್ಚರವಿದ್ದುದಕ್ಕಿಂತ ಅಷ್ಟೇ ಹೊತ್ತು ನಿದ್ರಿಸಿದಾಗ ಮರೆವು ಕಡಿಮೆ ಎಂಬುದನ್ನು ಕಂಡರು. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಹಗಲು ಕಲಿತದ್ದನ್ನು ಗಾಢನಿದ್ರೆಯಲ್ಲಿ ಮರಳಿ ಮೆಲುಕು ಹಾಕುತ್ತದೆಂದು ಆನಂತರದ ಸಂಶೋಧನೆಗಳು ತಿಳಿಸಿವೆ. ಆದುದರಿಂದ ನಿದ್ರೆಗೆಟ್ಟು ಓದುವುದೆಂದರೆ ಓದಿದ್ದು ನೆಲೆಯೂರುವ ಹೊತ್ತನ್ನೇ ಕಸಿದುಕೊಂಡಂತೆ.

‘ಪಾಠಗಳು ಬೆಟ್ಟದಷ್ಟಿವೆ, ಮಲಗಿದರೆ ಮುಗಿಯುವುದೆಂತು?’ ಎಂದು ಪಾಲಕರು ಕೇಳಬಹುದು. ಈ ಆತಂಕ ಸಹಜವೇ. ಆದರೆ ಪುಟಗಳನ್ನು ಮುಗಿಸುವುದು ಬೇರೆ, ಕಲಿಯುವುದು ಬೇರೆ. ಒಂದೇ ರಾತ್ರಿ ನಾಲ್ಕು ತಾಸು ಓದುವುದಕ್ಕಿಂತ ಅದನ್ನೇ ನಾಲ್ಕು ದಿನಗಳಿಗೆ ಹಂಚಿ ದಿನಕ್ಕೊಂದು ತಾಸು ಓದಿದರೆ ಹೆಚ್ಚು ಕಾಲ ಉಳಿಯುತ್ತದೆ. ಇದಕ್ಕೆ ಹೆಚ್ಚಿನ ಸಮಯ ಬೇಡ, ಮುಂಚಿತವಾಗಿ ಆರಂಭಿಸುವ ಶಿಸ್ತು ಸಾಕು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಒಂದು ವಿಷಯ ಮುಗಿದ ಮೇಲೆ ಹತ್ತು ನಿಮಿಷ ಮಗುವನ್ನು ಸುಮ್ಮನೆ ಕೂರಲು ಬಿಡಿ. ಆ ಹೊತ್ತಿನಲ್ಲಿ ಕೈಗೆ ಮೊಬೈಲ್ ಕೊಡಬೇಡಿ. ಅದು ಬಿಡುವಲ್ಲ, ಮತ್ತೊಂದು ಹೊರೆ. ಬಳಿಕ ಪುಸ್ತಕ ಮುಚ್ಚಿ, ಓದಿದ್ದನ್ನು ಅದರದೇ ಮಾತುಗಳಲ್ಲಿ ಹೇಳಿಸಿರಿ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ 8ರಿಂದ 10 ತಾಸು ನಿದ್ರೆ ಅವಶ್ಯ. ಪರೀಕ್ಷೆಯ ಹಿಂದಿನ ರಾತ್ರಿಯೂ ಇದಕ್ಕೆ ಹೊರತಲ್ಲ. ರಾತ್ರಿ ದೀಪ ಆರಿಸಿ ಮಗುವನ್ನು ಮಲಗಿಸುವುದೂ ಅದರ ವಿದ್ಯೆಗೆ ನಾವು ಮಾಡುವ ಸಹಾಯವೇ ಆಗಿದೆ.